ಏಳಕ್ಕೆ ನಿಂತ ಮಾಮಾ

ನಮ್ಮ ಮಾಮಾನ ರಕ್ತದೊತ್ತಡ ಎಷ್ಟೆಂಬುದು ಅವರ ಡಾಕ್ಟರಿಗೂ ಸರಿಯಾಗಿ ತಿಳಿದಿಲ್ಲ. ಆದರೆ ವಿದ್ವತ್ಪ್ರಪಂಚದಲ್ಲಿ ಅವರ ಅಂಕ ಎಷ್ಟೆಂಬುದು ಅವರ ಬಿಲ್ಡಿಂಗಿನ ವಾಚ್‌ಮನ್‌ಗೂ ಗೊತ್ತು!

"ಪ್ರೊಫೆಸರ್ ಸಾಬ್, ಆಜ್ ಕಿತನಾ?"

"ಸಾತ್."

"ಅಭೀ ಭೀ ಸಾತ್?"

ವಾಚ್‌ಮನ್ ನಿಟ್ಟುಸಿರು ಬಿಡುತ್ತಾನೆ. ಅವನಿಗೆ ಸಕ್ಕರೆ ಕಾಯಿಲೆ. ಮೂರು ತಿಂಗಳಿಗೊಮ್ಮೆ ಮಾಡಿಸುವ ರಕ್ತಪರೀಕ್ಷೆಯ ಲೆಕ್ಕ ಇದು ಎಂದೇ ಅವನು ತಿಳಿದಿದ್ದಾನೆ. "ಮೀಠಾ ಛೋಡ್ ದೋ ಸಾಬ್, ಛೇ ಪೇ ಆ ಜಾಯೇಗಾ" ಎಂದು ಒಮ್ಮೆ ಕಳಕಳಿಯಿಂದ ಸಮಾಧಾನ ಹೇಳಿದನಂತೆ. ಸಿಹಿ ಬಿಟ್ಟು ಏಳರಿಂದ ಆರಕ್ಕೆ ಇಳಿಯುವುದೇ! ಮಾಮಾ ಆ ದಿನ ಊಟ ಮಾಡಲಿಲ್ಲ.

ಮಾಮಾ ಎಂದರೆ ನಮ್ಮ ಅತ್ತಿಯ, ಅಂದರೆ ತಂದೆಯ ತಂಗಿಯ, ಗಂಡ. ಮುಂಬಯಿಯ ಒಂದು ಸಂಸ್ಥೆಯಲ್ಲಿ ಅರ್ಥಶಾಸ್ತ್ರದ ಪ್ರೊಫೆಸರು. ಮನೆ ದಹಿಸರಿನಲ್ಲಿ. ಅವರ ತಂದೆ ವಿಜಯಪುರದ ಕಡೆಯಿಂದ ಬಂದು ದಹಿಸರ್ ಸ್ಟೇಷನ್ನಿನ ಹೊರಗೆ ಕೈಗಾಡಿಯ ಮೇಲೆ ಕಾಯಿಪಲ್ಲೆ ಮಾರಿ ಮಗನನ್ನು ಓದಿಸಿದವರು. ನಮ್ಮ ಬಳಗದಲ್ಲಿ ಎಲ್ಲರೂ ಅವರನ್ನು 'ಗಾಡಿ ಅಜ್ಜ' ಎನ್ನುತ್ತಿದ್ದೆವು. ನಾನು ಮಲಾಡಿನವನು. ಬಾಂದ್ರಾದ ಒಂದು ವಿಮಾ ಕಚೇರಿಯಲ್ಲಿ ಜನ ತುಂಬಿ ಕಳಿಸಿದ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಆಧಾರ್ ಕಾರ್ಡಿನಲ್ಲೊಂದು ಹೆಸರು, ಪಾಲಿಸಿಯಲ್ಲೊಂದು ಹೆಸರು ಇದ್ದರೆ 'ಹೆಸರು ಹೊಂದುವುದಿಲ್ಲ' ಎಂದು ಬರೆದು ವಾಪಸು ಕಳಿಸುತ್ತೇನೆ. ಇಪ್ಪತ್ತಾರು ವರ್ಷ ಇದನ್ನೇ ಮಾಡಿದ್ದರಿಂದ ಲೋಕದಲ್ಲಿ ಯಾವುದೂ ಯಾವುದಕ್ಕೂ ಹೊಂದುವುದಿಲ್ಲ ಎಂಬ ಭಯ ನನ್ನ ಎದೆಯಲ್ಲಿ ಕಾಯಂ ಮನೆ ಮಾಡಿಕೊಂಡಿದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಾಂದ್ರಾದಿಂದ ಮಲಾಡಿಗೆ ವಾಪಸು ಬಂದ ಮನುಷ್ಯ ನಾನು. ಆರಿಸಿದ್ದೆ. ಆದರೆ ಬಾಗಿಲಿಗೆ ಕೀಲಿ ಹಾಕಿರಲಿಲ್ಲ!

ಈ ಏಳರ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿದ್ವಾಂಸನಾದವನು ಲೇಖನ ಬರೆದರೆ ಸಾಲದು. ಬೇರೆ ವಿದ್ವಾಂಸರು ತಮ್ಮ ಲೇಖನದ ಅಡಿಯಲ್ಲಿ 'ಇಂಥವರು ಹೀಗೆ ಹೇಳಿದ್ದಾರೆ' ಎಂದು ಅದನ್ನು ಉಲ್ಲೇಖಿಸಬೇಕು. ಏಳು ಲೇಖನಗಳಿಗೆ ತಲಾ ಏಳಾದರೂ ಉಲ್ಲೇಖ ಬಂದಿದ್ದರೆ ನಿಮ್ಮ ಅಂಕ ಏಳು. ಎಂಟು ಬೇಕೆಂದರೆ ಎಂಟು ಲೇಖನಗಳಿಗೆ ತಲಾ ಎಂಟಾದರೂ ಬರಬೇಕು. ಇದನ್ನೆಲ್ಲ ಎಣಿಸಿಡುವ ಜಾಲತಾಣ ಒಂದಿದೆ. ಮಾಮಾನ ಏಳು ಲೇಖನಗಳು ಎಂಟನ್ನು ಎಂದೋ ದಾಟಿವೆ. ಎಂಟನೆಯದು ಏಳು ಉಲ್ಲೇಖಗಳಿಗೆ ಬಂದು ಕುಳಿತುಬಿಟ್ಟಿದೆ, ದಹಿಸರ್ ಬರುವ ಮೊದಲೇ ಸಿಗ್ನಲ್ ಇಲ್ಲದೆ ನಿಂತ ಲೋಕಲ್ ರೈಲಿನ ಹಾಗೆ. ಇಳಿಯುವಂತಿಲ್ಲ, ತಲುಪುವಂತಿಲ್ಲ.

ಇನ್ನೊಂದೇ ಒಂದು ಉಲ್ಲೇಖ! ಅದಕ್ಕಾಗಿ ಮಾಮಾ ಮಾಡದ ಸಾಹಸವಿಲ್ಲ.

ಮಲಾಡಿನ ಹಾಲೊಂದರಲ್ಲಿ ನಮ್ಮ ದೂರದ ಸಂಬಂಧಿಯ ಮದುವೆ. ವರ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು, ಪಿಎಚ್.ಡಿ. ಮಾಡುತ್ತಿದ್ದವನು. ಅಕ್ಷತೆ ಹಾಕಲು ಸಾಲಿನಲ್ಲಿ ನಿಂತ ಮಾಮಾ ಅಕ್ಷತೆ ಹಾಕಿದರು, ಕೈ ಕುಲುಕಿದರು, ಆದರೆ ಕೈ ಬಿಡಲಿಲ್ಲ.

"ಏನ್ ಬರ್ಯಾಕತ್ತೀರಿ ಸದ್ಯಕ್ಕ?"

"ಸರ್, ಕೊನೇ ಅಧ್ಯಾಯ."

"ಭಾಳ ಚಲೋ! ಕೊನೀ ಪುಟದಾಗ ಒಂದು ಸಾಲು ಜಾಗಾ ಐತೇನ್ರಿ?"

ಹಿಂದೆ ಐವತ್ತು ಜನ. ವಧುವಿನ ನಗು ಮೆಲ್ಲಗೆ ಆರುತ್ತಿತ್ತು. ಫೋಟೋಗ್ರಾಫರ್ "ಅಂಕಲ್, ಆಗೇ ಬಢೋ" ಎಂದು ಕೂಗುತ್ತಿದ್ದ. ನಾನು ಬೆವರುತ್ತ ಮಾಮಾನ ಕೋಟಿನ ತುದಿ ಹಿಡಿದು ಎಳೆದೆ. ಕೋಟಿನ ಜೇಬಿನಿಂದ ಆ ಎಂಟನೆಯ ಲೇಖನದ ಆರು ಪ್ರತಿಗಳು ವೇದಿಕೆಯ ಮೇಲೆ ಬಿದ್ದವು! ಉಳಿದವನ್ನು ಅವರು ಆಗಲೇ ತಾಂಬೂಲದ ಚೀಲಗಳಲ್ಲಿ, ತೆಂಗಿನಕಾಯಿಯ ಮಗ್ಗುಲಿಗೆ ಸೇರಿಸಿಯಾಗಿತ್ತು. ಮರುದಿನ ಬೆಳಗಾವಿ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರು ನನಗೆ ಫೋನ್ ಮಾಡಿದರು. "ಸಾಹೇಬ್ರ, ಚೀಲದಾಗ ಯಾರದೋ ಬಿಲ್ ಬಂದೈತ್ರಿ. ಬರೇ ಅಂಕಿ. ನಾ ಇಷ್ಟು ಮಾಲು ಒಯ್ದೇ ಇಲ್ಲಲ್ರಿ!"

ಹಾಗೆಂದು ಮಾಮಾ ಅಡ್ಡದಾರಿ ಹಿಡಿಯುವವರಲ್ಲ. ತನ್ನ ಲೇಖನವನ್ನು ತಾನೇ ಉಲ್ಲೇಖಿಸಿಕೊಂಡು ಅಂಕ ಏರಿಸಿಕೊಳ್ಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. "ತನ್ನ ಲಗ್ನಕ್ಕ ತಾನ ಆಹೇರ ಮಾಡಿಕೊಂಡಂಗ!" ಎನ್ನುತ್ತಾರೆ. ಬೇರೆಯವರು ಆಹೇರ ಮಾಡಲಿ, ಉಡುಗೊರೆ ಕೊಡಲಿ ಎಂದು ಕೇಳುವುದರಲ್ಲಿ ಮಾತ್ರ ಅವರಿಗೆ ನಾಚಿಕೆಯಿಲ್ಲ.

ಆ ಕೇಳಿಕೆ ನನ್ನ ತನಕವೂ ಬಂತು. ನಮ್ಮ ಕನ್ನಡ ಸಂಘದ ತ್ರೈಮಾಸಿಕಕ್ಕೆ ನಾನು ಆಗಾಗ ಹಗುರವಾಗಿ ಏನಾದರೂ ಬರೆಯುವುದುಂಟು. ಆ ಸಲ ಬರೆದದ್ದು ನನ್ನ ಮಂಡಿನೋವಿನ ಬಗ್ಗೆ.

"ಕೆಳಗ ನನ್ನ ಲೇಖನದ ಹೆಸರು ಹಾಕೋ ತಮ್ಮಾ."

"ಮಾಮಾ, ಇದು ಮಂಡಿ. ನಿಮ್ಮದು ಸಗಟು ಬೆಲೆಯ ಏರಿಳಿತ."

"ನಿನ್ನ ಮಂಡಿ ಎಲ್ಲಿ ನೋವಾಕ್ಕೈತಿ?"

"ಸ್ಟೇಷನ್ ಮೆಟ್ಟಿಲ ಮೇಲೆ."

"ಏರಾಕೋ ಇಳ್ಯಾಕೋ?"

"ಎರಡಕ್ಕೂ."

"ಮತ್ತ? ಏರಿಳಿತ ಅಂದ್ರ ಅದ!"

ಹಾಕಿದೆ. ಏನು ಮಾಡುವುದು? ಪತ್ರಿಕೆ ಬಂದ ಮೇಲೆ ಓದುಗರೊಬ್ಬರು 'ಪ್ರಬಂಧ ಸಾಧಾರಣ, ಅಡಿಟಿಪ್ಪಣಿ ಬಹಳ ನಗಿಸಿತು' ಎಂದು ಬರೆದರು. ಆ ಜಾಲತಾಣ ಮಾತ್ರ ನಗಲಿಲ್ಲ. ಅದರ ಕಣ್ಣಿಗೆ ನಮ್ಮ ಸಂಘದ ತ್ರೈಮಾಸಿಕ ಬೀಳುವುದೇ ಇಲ್ಲವಂತೆ. ಏಳು ಏಳಾಗಿಯೇ ಉಳಿಯಿತು.

ಮಾಮಾನ ಇನ್ನೊಂದು ಹುಚ್ಚು ಕೊತ್ತಂಬರಿಯದು. ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಮಗಳು ಮೊಬೈಲಿನಲ್ಲಿ ತರಿಸಿದ ಕಾಯಿಪಲ್ಲೆ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಪ್ಲಾಸ್ಟಿಕ್ಕಿನಲ್ಲಿ ಉಸಿರು ಕಟ್ಟಿ ಕುಳಿತ ಕೊತ್ತಂಬರಿ ಕಟ್ಟಿಗೂ ಒಂದು ಬೆಲೆಯ ಚೀಟಿ ಅಂಟಿಸಿದ್ದರು. ಮಾಮಾ ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹಕ್ಕಿಯನ್ನು ನೋಡುವಂತೆ ನೋಡಿದರು.

"ಇದಕ್ಕೂ ರೊಕ್ಕಾ ಕೊಟ್ಟೇನವಾ?"

"ಹಾಂ ದಾದು, ಆ್ಯಪ್ ಪೇ ಸಬ್ ಅಲಗ್ ಅಲಗ್ ಇರ್ತದೆ ನಾ" ಎಂದಳು ನನ್ನ ಮಗಳು, ತನ್ನ ಮುಂಬಯಿ ಕನ್ನಡದಲ್ಲಿ.

"ಕೊತ್ತಂಬರಿ ಅಂದ್ರ ಮಾಲಲ್ಲವಾ, ಮಾತು! ಗಿರಾಕಿ ಚೀಲದಾಗ ಎಲ್ಲಾ ಹಾಕಿಸಿಕೊಂಡ ಮ್ಯಾಲೆ, ಗಾಡಿಯವ ಮ್ಯಾಲೊಂದು ನಾಕು ಕಡ್ಡಿ ಕೊತ್ತಂಬರಿ ಒಗೀತಾನ. ಯಾಕ? 'ನಾಳೆ ಬಾ' ಅಂತ ಹೇಳಾಕ. ಮಾತಿಗೆ ಯಾರರೆ ರೊಕ್ಕಾ ತಗೋತಾರೇನು?"

ಅರ್ಧ ಗಂಟೆ ಪಾಠವಾಯಿತು. ಸಾರು ಆರಿತು. ಆಮೇಲೆ ಕೆಳಗಿಳಿದು ಹೋಗಿ, ಗಾಡಿಯವನ ಹತ್ತಿರ ಎರಡು ಟೊಮೇಟೊ ಕೊಂಡು, ಮೇಲೆ ಒಗೆಸಿಕೊಂಡ ಕೊತ್ತಂಬರಿ ತಂದು, ಸಾರಿಗೆ ಉದುರಿಸಿಯೇ ಊಟಕ್ಕೆ ಕುಳಿತರು. ಎಲ್ಲ ಅರ್ಥಶಾಸ್ತ್ರಿಗಳೂ ಹೀಗೆಯೋ, ನಮ್ಮ ಪಾಲಿಗೆ ಬಂದವರು ಮಾತ್ರವೋ ಎಂದು ನಾನು ಚಿಂತಿಸಿದೆ.

ಇದೆಲ್ಲ ನಗುವಿನ ಮಾತಾಯಿತು. ನಗುವಿಗೆ ಎಡೆಯಿಲ್ಲದ ಮಾತು ಮುಂದೆ ಬಂತು. ಮಾಮಾ ನಿವೃತ್ತರಾಗುವ ವರ್ಷ ಅದು. ಅವರ ಸಂಸ್ಥೆಯಲ್ಲಿ ಒಂದು ನಿಯಮ. ಅಂಕ ಎಂಟು ಅಥವಾ ಮೇಲೆ ಇದ್ದವರಿಗೆ ನಿವೃತ್ತಿಯ ನಂತರವೂ ಮೂರು ವರ್ಷ ಅದೇ ಕೋಣೆ, ಅದೇ ಮೇಜು, ಅದೇ ಕಿಟಕಿ. ಏಳು ಮತ್ತು ಕೆಳಗಿನವರಿಗೆ ಶಾಲು, ತೆಂಗಿನಕಾಯಿ. ಮಾಮಾ ಆ ಕೋಣೆಯಲ್ಲಿ ಮೂವತ್ತು ವರ್ಷ ಕುಳಿತವರು. ಸಂಬಳ ನಿಂತರೆ ನಿಲ್ಲಲಿ, ಕೋಣೆ ಹೋದರೆ ತಾವು ಯಾರು ಎಂಬುದೇ ಅವರಿಗೆ ಮರೆತುಹೋಗುವ ಹಾಗಿತ್ತು. ಲೋಕಲ್ಲಿನಲ್ಲಿ ಕಿಟಕಿಗೆ ತಲೆ ಆನಿಸಿ ಒಮ್ಮೆ ಕೇಳಿದರು. "ಅಲ್ಲೋ, ಬೆಳಿಗ್ಗೆ ಎದ್ದು ಎಲ್ಲಿ ಹೋಗೂದು ನಾ?" ಅದರಲ್ಲಿ ತಮಾಷೆ ಇರಲಿಲ್ಲ.

ಅತ್ತಿಯ ಭಯ ಬೇರೆ. "ಇವರು ಮನ್ಯಾಗ ಕುಂತ್ರ ಮುಗೀತು. ಹೋಳಿಗಿ ಯಾಕ ದುಂಡಗ ಅಂತ ಲೇಖನಾ ಬರೀತಾರ!"

ಪ್ರಕಟಣೆಗಳ ಪಟ್ಟಿಯನ್ನು ಸೋಮವಾರ ಕೊಡಬೇಕು. ಅದರಲ್ಲಿ ತಪ್ಪಿರಬಾರದೆಂದು ಪರಿಶೀಲಿಸಲು ಮಾಮಾ ನನಗೆ ಒಪ್ಪಿಸಿದ್ದರು. "ನಿನ್ನಷ್ಟು ಅಂಜುಬುರುಕ ಈ ಮುಂಬಯ್ಯಾಗ ಇನ್ನೊಬ್ಬ ಸಿಗಾಂಗಿಲ್ಲ" ಎಂಬ ಪ್ರಶಸ್ತಿಪತ್ರದೊಂದಿಗೆ! ಪಟ್ಟಿಯ ಮೇಲೆ ಮಾಮಾನ ಹೆಸರು, ನಡುವೆ ಒಂದೇ ಒಂದು ಇನಿಷಿಯಲ್, ಅಡ್ಡಹೆಸರು. ಎಲ್ಲವೂ ಹೊಂದುತ್ತಿತ್ತು. ನನಗೆ ಸಂಶಯ ಬಂದದ್ದೇ ಅದರಿಂದ. ಹೊಂದುವುದುಂಟೇ?

ಭಾನುವಾರ ಮಧ್ಯಾಹ್ನ ಮಗಳನ್ನು ಕೂರಿಸಿಕೊಂಡು ಜಾಲತಾಣದಲ್ಲಿ ತಾಳೆ ನೋಡುತ್ತಿದ್ದೆ. ಎಲ್ಲಾದರೂ ಒಂದು ಉಲ್ಲೇಖ ಎಣಿಕೆ ತಪ್ಪಿ ಬಿದ್ದಿದೆಯೇ ಎಂದು ಅವಳು ಹುಡುಕುತ್ತಲೇ ಹೋದಳು. ಇದ್ದಕ್ಕಿದ್ದಂತೆ ಕುರ್ಚಿಯಲ್ಲಿ ನೆಟ್ಟಗಾದಳು.

"ಪಪ್ಪಾ, ಯೇ ದೇಖೋ. ದಾದು ಅವರ ಕೊತ್ತಂಬರಿ!"

ನೋಡಿದೆ. ಬಹಳ ಹಳೆಯ ಇಂಗ್ಲಿಷ್ ಲೇಖನ. ದಹಿಸರಿನ ಕಾಯಿಪಲ್ಲೆ ಮಾರುವವರು ಕೊತ್ತಂಬರಿಯನ್ನು ಯಾಕೆ ಪುಕ್ಕಟೆ ಕೊಡುತ್ತಾರೆ ಎಂಬುದೇ ವಿಷಯ. ಮೊದಲ ಪುಟದಲ್ಲೇ 'ಇದು ಸರಕಲ್ಲ, ಮಾತು' ಎಂಬ ವಾಕ್ಯ. ಸಾರು ಆರುವ ತನಕ ನಾವು ಕೇಳಿದ ಅದೇ ಪಾಠ! ಹನ್ನೊಂದು ಉಲ್ಲೇಖ ಬಂದಿದೆ. ಆದರೆ ಬರೆದವರು ಮಾಮಾ ಅಲ್ಲ.

"ಈರಪ್ಪ. ಹೂ ಈಸ್ ಈರಪ್ಪ, ಪಪ್ಪಾ?"

ಕೆಳಗೆ ಲೇಖಕರ ವಿಳಾಸವಿತ್ತು. ದಹಿಸರಿನ ಒಂದು ಚಾಳಿನ ವಠಾರ, ಖೋಲಿ ನಂಬರು ನಾಲ್ಕು. ಅದು ನಮ್ಮ ಅತ್ತಿ ಮದುವೆಯಾಗಿ ಕಾಲಿಟ್ಟ ಖೋಲಿ! ಬೇಸಿಗೆ ರಜೆಯಲ್ಲಿ ನಾನು ನೆಲದ ಮೇಲೆ ಮಲಗಿದ ಖೋಲಿ! ಆ ಒಂದೇ ಖೋಲಿಯಲ್ಲಿ ಈರಪ್ಪನೆಂಬ ಇನ್ನೊಬ್ಬ ಅರ್ಥಶಾಸ್ತ್ರಿ ಎಲ್ಲಿ ಅಡಗಿದ್ದ? ಇಪ್ಪತ್ತಾರು ವರ್ಷದ ಅನುಭವ ಎದೆಯಲ್ಲಿ ಮುದ್ರೆ ಒತ್ತಿತು. ಹೆಸರು ಹೊಂದುವುದಿಲ್ಲ.

"ದಾದುದು ಕಾಪಿ ಮಾಡಿದ್ದಾರಾ ಅವರು? ಯಾ ದಾದು ನೇ..." ಮಗಳು ಮಾತು ಅರ್ಧಕ್ಕೆ ನಿಲ್ಲಿಸಿದಳು. ನಿಲ್ಲಿಸಿದ ಅರ್ಧವೇ ನನ್ನನ್ನು ಮನೆಯಿಂದ ಹೊರಡಿಸಿತು.

ಮಲಾಡಿನಿಂದ ದಹಿಸರಿಗೆ ಮೂರನೆಯ ಸ್ಟೇಷನ್. ವಿರಾರ್ ಲೋಕಲ್ಲಿನಲ್ಲಿ ನಿಂತೇ ಹೋದೆ. ಕಾಂದಿವಲಿ ಬರುವಷ್ಟರಲ್ಲಿ, ಮಾಮಾ ಯಾರದೋ ಲೇಖನ ಕದ್ದು ಜೀವನವಿಡೀ ಬಾಯಿಪಾಠ ಹೇಳಿಕೊಂಡು ಬಂದಿದ್ದಾರೆ ಎಂದು ಖಚಿತವಾಯಿತು. ಬೋರಿವಲಿಯಲ್ಲಿ, ಸಂಸ್ಥೆಯವರಿಗೆ ಇದು ಗೊತ್ತಾಗಿ ವಿಚಾರಣೆ ನಡೆದು, ನನ್ನ ಮಂಡಿನೋವಿನ ಅಡಿಟಿಪ್ಪಣಿಯಿಂದಾಗಿ ನಾನೂ ಅದರಲ್ಲಿ ಸಿಕ್ಕಿಬಿದ್ದೆ. ದಹಿಸರ್ ಪ್ಲಾಟ್‌ಫಾರ್ಮಿಗೆ ಇಳಿಯುವಾಗ, ನನ್ನ ಕಚೇರಿಯವರೂ ನನ್ನನ್ನು ಕರೆಸಿ, ಮಗಳ ಮದುವೆಯೂ ನಿಂತುಹೋಗಿತ್ತು. ಅವಳಿಗೆ ಇನ್ನೂ ಗಂಡೇ ನೋಡಿಲ್ಲ ಎಂಬುದು ಮೆಟ್ಟಿಲು ಏರುವಾಗ ನೆನಪಾಯಿತು. ಆದರೂ ಸಮಾಧಾನವಾಗಲಿಲ್ಲ.

ಬಾಗಿಲು ತೆಗೆದವಳು ಅತ್ತಿ. ಮಾಮಾ ಹಾಲಿನಲ್ಲಿ ಪೇಪರು ಓದುತ್ತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿಬಿಟ್ಟೆ.

"ಮಾಮಾ, ಈರಪ್ಪ ಯಾರು?"

ಮಾಮಾ ಪೇಪರು ಇಳಿಸಲಿಲ್ಲ. ಅತ್ತಿ ಗಕ್ಕನೆ ಸೆರಗು ಸರಿಮಾಡಿಕೊಂಡಳು.

"ಅಯ್ಯ, ನಿನಗ ಗೊತ್ತಿಲ್ಲೇನೋ?"

"ಇಲ್ಲ ಅತ್ತಿ. ಯಾರು ಹೇಳು."

"ನಾ ಹೆಂಗ ಹೇಳಲೋ? ನಾ ಆ ಹೆಸರು ಹೇಳೂಹಂಗಿಲ್ಲ!" ಎಂದವಳೇ ಗೋಡೆಯ ಕಡೆ ಕೈ ತೋರಿಸಿದಳು.

ಗೋಡೆಯ ಮೇಲೆ ಗಾಡಿ ಅಜ್ಜನ ಫೋಟೋ.

ನಮ್ಮ ಕಡೆ ಆ ತಲೆಮಾರಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಮಾವನ ಹೆಸರನ್ನಂತೂ ಮೊದಲೇ ಇಲ್ಲ. ಮನೆಯಲ್ಲಿ ಅವಳು ಹೇಳಲಿಲ್ಲ, ಆದ್ದರಿಂದ ನಾವು ಕೇಳಲಿಲ್ಲ. ಗಾಡಿ ಅಜ್ಜನಿಗೆ ಹೆಸರೂ ಒಂದಿರಬೇಕು ಎಂಬುದು, ಊರಿನವರ ಹೆಸರನ್ನೆಲ್ಲ ಪರಿಶೀಲಿಸುವ ನನಗೆ ಐವತ್ತು ದಾಟಿದರೂ ಹೊಳೆದಿರಲಿಲ್ಲ. ಪಟ್ಟಿಯಲ್ಲಿದ್ದ ಆ ಒಂಟಿ ಇನಿಷಿಯಲ್ ಅವರದೇ!

ಮಾಮಾ ನಿಧಾನವಾಗಿ ಪೇಪರು ಮಡಿಚಿದರು.

"ನನ್ನ ಮೊದಲನೇ ಲೇಖನ ಅದು. ಮುಂಬಯ್ಯಾಗ ಫಾರ್ಮು ತುಂಬೂದು ಹೆಂಗ? ಅಡ್ಡಹೆಸರು ಮೊದಲು, ನಮ್ಮ ಹೆಸರು ನಡುವ, ಅಪ್ಪನ ಹೆಸರು ಕಡೀಕ. ಹಂಗ ಬರದು ಕಳಿಸಿದೆ. ಪರದೇಶದವರು, ಅವರಿಗೇನ ಗೊತ್ತು? ಕಡೀಕ ಇದ್ದದ್ದ ಮನೆತನದ ಹೆಸರು ಅಂತ ತಿಳಕೊಂಡು ಈರಪ್ಪ ಅಂತ ಅಚ್ಚು ಹಾಕಿಬಿಟ್ರು. ನನ್ನ ಹೆಸರು ಒಂದು ಇನಿಷಿಯಲ್ ಆಗಿ ಮೂಲಿಗೆ ಕುಂತಿತು."

"ತಿದ್ದಿಸಬೇಕಾಗಿತ್ತಲ್ಲ, ಮಾಮಾ!"

"ತಿದ್ದರಿ ಅಂತ ಕಾಗದಾ ಬರದು ಕಿಸೇದಾಗ ಇಟಗೊಂಡ, ಅಚ್ಚಾದ ಲೇಖನಾ ಹಿಡಕೊಂಡು ಅಪ್ಪನ ಕಡೆ ಹೋಗಿದ್ದೆ. ಅವಗ ಓದಾಕ ಬರತಿದ್ದಿಲ್ಲ. ಬಾಜೂ ಪಾನ್ ಅಂಗಡಿಯವ ಇಂಗ್ಲಿಷ್ ಅಕ್ಷರಾ ಕೂಡಿಸಿ ಓದಿದ, 'ಈ... ರ... ಪ್ಪ'. ಅಪ್ಪ ತಕ್ಕಡಿ ಕೆಳಗಿಟ್ಟಾ. ಇನ್ನೊಮ್ಮೆ ಓದು ಅಂದ. ಮತ್ತ ಇನ್ನೊಮ್ಮೆ. ಆ ದಿನಾ ಬಂದ ಗಿರಾಕಿಗೆಲ್ಲಾ ಹಿಡಿ ಹಿಡಿ ಕೊತ್ತಂಬರಿ ಒಗದಾ. ಏನೂ ಕೊಳ್ಳದ ಹೋಗೂವವರನ್ನೂ ಕರದು ಕೊಟ್ಟಾ. ಕಿಸೇದಾಗಿನ ಕಾಗದಾ ನಾ ಹರದು ಒಗದೆ."

ತಾವೇ ನಕ್ಕರು. "ಆಮ್ಯಾಲೆ ಯಾರರೆ ಉಲ್ಲೇಖಾ ಮಾಡಿದ್ರ ಬಂದು ಹೇಳತಿದ್ದೆ. 'ಅಪ್ಪಾ, ಯಾವದೋ ದೇಶದಾಗ ಒಬ್ಬ ಪ್ರೊಫೆಸರ್ ನಿನ್ನ ಹೆಸರು ಬರದಾನ' ಅಂತ. 'ಹೌದಾ? ಅವನೂ ಕಾಯಿಪಲ್ಲೆ ಮಾರತಾನೇನು?' ಅಂತಿದ್ದಾ!"

ಅತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಹನ್ನೊಂದು ಉಲ್ಲೇಖದ ಲೇಖನ ಮಾಮಾನದೇ! ಅದನ್ನು ಇವರ ಹೆಸರಿಗೆ ಸೇರಿಸಿದರೆ ಎಂಟು ಲೇಖನ, ಎಲ್ಲಕ್ಕೂ ಎಂಟರ ಮೇಲೆ.

"ಮಾಮಾ, ಜಾಲತಾಣದಲ್ಲಿ ಎರಡು ಹೆಸರು ಒಂದು ಮಾಡುವ ಗುಂಡಿ ಇದೆಯಂತೆ. ನನ್ನ ಮಗಳು ಹೇಳಿದಳು. ಒಂದು ಸಲ ಒತ್ತಿದರೆ ಸಾಕು, ನೀವು ಎಂಟು! ಕೋಣೆ ಉಳಿಯುತ್ತೆ!"

"ಗೊತ್ತೈತಿ."

"ಗೊತ್ತಿದೆಯಾ? ಎಂದಿನಿಂದ?"

"ಆ ಗುಂಡಿ ಬಂದಾಗಿನಿಂದ."

ಹಾಗಾದರೆ ಆ ಮದುವೆಯ ವೇದಿಕೆ, ತಾಂಬೂಲದ ಚೀಲ, ನನ್ನ ಮಂಡಿ! ಮಾಮಾ ಫೋಟೋದ ಕಡೆ ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. ಮಡಿಚಿದ ಪೇಪರನ್ನು ಇನ್ನೊಂದು ಸಲ ಮಡಿಚಿದರು.

"ಒತ್ತಿದ್ರ ನಾ ಎಂಟ ಆಗತೀನಿ, ಖರೆ. ಅವ ಸೊನ್ನಿ ಆಗತಾನಲ್ಲೋ."

ಸೋಮವಾರ ಪಟ್ಟಿ ಏಳೇ ಅಂಕದೊಂದಿಗೆ ಹೋಯಿತು. ಕೊನೆಗೆ 'ಪರಿಶೀಲಿಸಲಾಗಿದೆ, ಎಲ್ಲವೂ ಸರಿಯಾಗಿದೆ' ಎಂದು ನಾನೇ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ನನ್ನ ವೃತ್ತಿಜೀವನದಲ್ಲಿ ಗೊತ್ತಿದ್ದೂ ಬಿಟ್ಟ ಒಂದೇ ಒಂದು ತಪ್ಪು ಅದು.

ಮಾಮಾನಿಗೆ ಶಾಲು ಸಿಕ್ಕಿತು, ತೆಂಗಿನಕಾಯಿ ಸಿಕ್ಕಿತು. ಕಿಟಕಿ ಯಾರಿಗೋ ಹೋಯಿತು. ಅತ್ತಿ ಅಂಜಿದ್ದಂತೆಯೇ ಅಡುಗೆಮನೆಯ ಬಾಗಿಲಿಗೆ ಒಂದು ಮಡಚುವ ಮೇಜು ಬಂತು. ಮೊದಲ ಎರಡು ತಿಂಗಳು ಅವರು ಅಲ್ಲಿ ಏನೂ ಬರೆಯದೆ ಕೂರುತ್ತಿದ್ದರಂತೆ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸ್ಟೇಷನ್ ತನಕ ನಡೆದು, ಲೋಕಲ್ ಹತ್ತದೆ ವಾಪಸು ಬರುತ್ತಿದ್ದರಂತೆ. ಅದನ್ನು ಕೇಳಿದ ಮೇಲೆ ನಾನು ದಿನಾ ಫೋನ್ ಮಾಡತೊಡಗಿದೆ. ಅವರು ಎತ್ತದಿದ್ದರೆ ಒಂದು ಚಿಂತೆ, ಎತ್ತಿ ಸುಮ್ಮನಿದ್ದರೆ ಇನ್ನೊಂದು.

ಮೊನ್ನೆ ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ಆ ಹೊತ್ತಿಗೆ ಅತ್ತಿಯ ನಂಬರು ಕಂಡರೆ ನನ್ನಂಥವನ ಗತಿ ಏನಾಗಬೇಕು? ಆಂಬುಲೆನ್ಸಿನ ನಂಬರು ನೆನಪಿಸಿಕೊಳ್ಳುತ್ತಲೇ ಎತ್ತಿದೆ.

"ಏನಾಯ್ತು ಅತ್ತಿ? ಮಾಮಾ ಹೇಗಿದ್ದಾರೆ?"

"ಅವರು ಚಲೋ ಅದಾರೋ! ಅವರ ಹೊಸಾ ಲೇಖನಾ ಬಂತು, ಇಲ್ಲಿ ಮೇಜಿನ ಮ್ಯಾಲೆ ಬರದದ್ದು. ಕೆಳಗ ಸಣ್ಣ ಅಕ್ಷರದಾಗ ಕೊತ್ತಂಬರೀದೂ ಹಾಕ್ಯಾರ. ಹನ್ನೆರಡಾತಂತೋ! ನಮ್ಮ ಈರಪ್ಪನವರದು ಹನ್ನೆರಡಾತು!"

ಇದು ತನ್ನ ಲಗ್ನಕ್ಕೆ ತಾನೇ ಮಾಡಿಕೊಂಡ ಆಹೇರ ಅಲ್ಲವೇ ಮಾಮಾ ಎಂದು ಕೇಳಬೇಕೆಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತಿ ತಾನು ಆಡಿದ್ದು ತನಗೇ ಕೇಳಿಸಿದವಳಂತೆ ಮಾತು ತಡೆದಳು.

"ಅಯ್ಯ ಶಿವನ! ಹೆಸರ ಅಂದಬಿಟ್ಟೆನಲ್ಲೋ..."

ಆಮೇಲೆ ಮೇಜಿನ ಕಡೆಯಿಂದ ಮಾಮಾನ ದನಿ, ಬಹಳ ಮೆಲ್ಲಗೆ ಕೇಳಿಸಿತು.

"ಇನ್ನೊಮ್ಮೆ ಅನ್ನು."